ಮತವನ್ನು ಅಳೆಯುವ ಬಗೆ

ಕಪಿಲೆಯೆಂಬ ಹೆಸರೂ ಉಳ್ಳ ಕಬಿನಿ ನದಿಯು ಕೇರಳದ ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಸೀಮೆಯನ್ನು ಹೊಕ್ಕು, ಬೀಚನಹಳ್ಳಿಯ ಬಳಿ ವಿಶಾಲವಾದ ಜಲಾಶಯವಾಗಿ ನಿಲ್ಲುತ್ತದೆ. 1974ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟ 2284 ಅಡಿ. ಮುಂಗಾರು ಮೊದಲಾಯಿತೆಂದರೆ ಆ ಸೀಮೆಯ ರೈತರ ಕಣ್ಣೆಲ್ಲ ಈ ಅಂಕಿಯ ಮೇಲೆಯೇ. ಇಂದು ನೀರು ಎಷ್ಟು ಅಡಿಗೆ ಏರಿತು, ನಿನ್ನೆಗಿಂತ ಎಷ್ಟು ಹೆಚ್ಚಿತು ಎಂಬುದನ್ನು ಪತ್ರಿಕೆಗಳು ದಿನವೂ ಪ್ರಕಟಿಸುತ್ತವೆ. ಒಂದೇ ಒಂದು ಅಂಕಿಯನ್ನು ಓದಿ ರೈತನು ನಾಲೆಗೆ ನೀರು ಬಂದೀತೋ ಬಾರದೋ ಎಂದು ಅಂದಾಜು ಮಾಡುತ್ತಾನೆ. ಆದರೆ ಮಟ್ಟವನ್ನು ತೋರಿಸುವ ಗೆರೆಯು ನೀರಿನ ಎತ್ತರವನ್ನು ಮಾತ್ರ ಹೇಳುತ್ತದೆ. ತಳದಲ್ಲಿ ಎಷ್ಟು ಹೂಳು ತುಂಬಿದೆ ಎಂಬುದನ್ನು ಹೇಳುವುದಿಲ್ಲ. ಅಳತೆಯನ್ನು ಓದಬಲ್ಲವನು ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬ ಎರಡನ್ನೂ ಅರಿತಿರಬೇಕು.

ನೀರನ್ನು ಅಳೆಯುವಂತೆಯೇ ತಾವು ಆರಿಸಿ ಕಳುಹಿಸಿದ ಜನಪ್ರತಿನಿಧಿಯ ನಡತೆಯನ್ನೂ ಅಳೆದು ನೋಡಬೇಕೆಂಬ ಬಯಕೆ ಮತದಾರರಲ್ಲಿ ಹುಟ್ಟುವುದು ಸಹಜ. ಚುನಾವಣೆಯ ಕಾಲದಲ್ಲಿ ಆಡುವ ಮಾತು ಬೇರೆ, ಸಭೆಯಲ್ಲಿ ಕೊಡುವ ಮತ ಬೇರೆ. ಮಾತಿಗೆ ಸಾಕ್ಷಿ ಸಿಕ್ಕುವುದು ಕಷ್ಟ. ಮತವಾದರೋ ದಾಖಲೆಯಲ್ಲಿ ಉಳಿಯುವಂಥದು. ಆದುದರಿಂದ ಮತಗಳನ್ನು ಲೆಕ್ಕ ಹಾಕಿ ಪ್ರತಿನಿಧಿಯ ನಿಲುವನ್ನು ಒಂದು ಅಂಕಿಯಲ್ಲಿ ಹೇಳುವ ಪದ್ಧತಿ ಕೆಲವು ದೇಶಗಳಲ್ಲಿ ಬೆಳೆದಿದೆ. ಈ ಲೆಕ್ಕ ಮೇಲುನೋಟಕ್ಕೆ ಸುಲಭ. ಒಳಹೊಕ್ಕು ನೋಡಿದರೆ ಬಹಳ ಎಚ್ಚರವನ್ನು ಬೇಡುತ್ತದೆ. ಮುಕ್ತ ವ್ಯಾಪಾರವೆಂಬ ಒಂದು ವಿಷಯವನ್ನು ತೆಗೆದುಕೊಂಡು ಇದನ್ನು ಪರಿಶೀಲಿಸಬಹುದು.

ಒಂದು ದೇಶದ ಸರಕು ಇನ್ನೊಂದು ದೇಶಕ್ಕೆ ಹೋಗುವಾಗ ಸುಂಕ, ಪ್ರಮಾಣದ ಮಿತಿ, ಪರವಾನಗಿ ಮೊದಲಾದ ತಡೆಗಳು ಇಲ್ಲದಿರುವುದು ಅಥವಾ ಅತ್ಯಲ್ಪವಾಗಿರುವುದು ಮುಕ್ತ ವ್ಯಾಪಾರ. ದೇಶದೊಳಗಿನ ಬೆಳೆಗಾರನನ್ನೂ ಕೈಗಾರಿಕೆಯನ್ನೂ ಹೊರಗಿನ ಪೈಪೋಟಿಯಿಂದ ಕಾಪಾಡಲು ಸುಂಕದ ಗೋಡೆ ಕಟ್ಟುವುದು ಸಂರಕ್ಷಣಾ ನೀತಿ. ಮೊದಲನೆಯದರಿಂದ ಕೊಳ್ಳುವವನಿಗೆ ಸರಕು ಅಗ್ಗವಾಗುತ್ತದೆ, ರಫ್ತು ಮಾಡುವವನಿಗೆ ಮಾರುಕಟ್ಟೆ ದೊರೆಯುತ್ತದೆ. ಎರಡನೆಯದರಿಂದ ಸ್ಥಳೀಯ ಉತ್ಪಾದಕನಿಗೆ ಉಸಿರಾಡಲು ಅವಕಾಶ ದೊರೆಯುತ್ತದೆ. ಯಾವುದು ಎಲ್ಲಿ ಎಷ್ಟು ಬೇಕೆಂಬ ವಾದ ಇನ್ನೂರು ವರ್ಷಗಳಿಂದಲೂ ನಡೆದು ಬಂದಿದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಸೀಮೆಗಳಿಗೆ ಈ ವಾದ ದೂರದ್ದಲ್ಲ. ಇಲ್ಲಿನ ಕೆಂಪು ಮಣ್ಣಿನಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕಿನ ದೊಡ್ಡ ಪಾಲು ಹೊರದೇಶಗಳಿಗೆ ಹೋಗುತ್ತದೆ. 1975ರ ಕಾಯಿದೆಯಂತೆ ಸ್ಥಾಪಿತವಾದ ತಂಬಾಕು ಮಂಡಳಿಯು ಪ್ರತಿವರ್ಷ ಎಷ್ಟು ಬೆಳೆಯಬೇಕೆಂಬ ಮಿತಿಯನ್ನು ಗೊತ್ತುಮಾಡಿ, ಪಿರಿಯಾಪಟ್ಟಣ, ಕಂಪಲಾಪುರ, ಚಿಲ್ಕುಂದ ಮೊದಲಾದ ಕಡೆಗಳಲ್ಲಿ ಹರಾಜು ಕಟ್ಟೆಗಳನ್ನು ನಡೆಸುತ್ತದೆ. ಈ ಮಂಡಳಿಯು ಕೇಂದ್ರದ ಕೃಷಿ ಸಚಿವಾಲಯಕ್ಕೆ ಸೇರಿಲ್ಲ. ವಾಣಿಜ್ಯ ಸಚಿವಾಲಯಕ್ಕೆ ಸೇರಿದೆ. ಬ್ಯಾರನ್ನಿನಲ್ಲಿ ಹದವಾಗಿ ಬೆಂದ ಎಲೆಗೆ ಎಷ್ಟು ಬೆಲೆ ಬಂದೀತೆಂಬುದು ಹೊರಗಿನ ದೇಶಗಳ ಬೇಡಿಕೆಯನ್ನೂ ಅವು ಹಾಕುವ ಸುಂಕವನ್ನೂ ಅವಲಂಬಿಸಿರುತ್ತದೆ. ಅದೇ ರೈತನ ನೆರೆಯವನು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದರೆ ಅವನ ಚಿಂತೆಯೇ ಬೇರೆ: ಚೀನಾದ ಕಚ್ಚಾರೇಷ್ಮೆ ಅಗ್ಗವಾಗಿ ಬಂದು ಬಿದ್ದರೆ ರಾಮನಗರದ ಮಾರುಕಟ್ಟೆಯಲ್ಲಿ ಅವನ ಗೂಡಿಗೆ ಬೆಲೆಯಿಲ್ಲ. ಒಬ್ಬನಿಗೆ ಬಾಗಿಲು ತೆರೆಯಬೇಕು, ಇನ್ನೊಬ್ಬನಿಗೆ ಮುಚ್ಚಬೇಕು. ಇಬ್ಬರೂ ಒಬ್ಬನೇ ಪ್ರತಿನಿಧಿಗೆ ಮತ ನೀಡುತ್ತಾರೆ.

ಹಾಗಾದರೆ ಅಳೆಯಬೇಕಾದುದು ಯಾವ ಪ್ರತಿನಿಧಿಯನ್ನು? ಈ ಪ್ರಶ್ನೆಗೆ ಉತ್ತರ ಸಂವಿಧಾನದಲ್ಲಿದೆ. ಹೊರದೇಶಗಳೊಡನೆ ವ್ಯಾಪಾರ, ಆಮದು ರಫ್ತುಗಳ ಸುಂಕ ಇವು ಕೇಂದ್ರಪಟ್ಟಿಯ ವಿಷಯಗಳು. ಕೃಷಿ, ಸಂತೆ ಮತ್ತು ಮಾರುಕಟ್ಟೆಗಳು ರಾಜ್ಯಪಟ್ಟಿಯವು. ಆದುದರಿಂದ ಚೀನಾದ ರೇಷ್ಮೆಯ ಮೇಲೆ ಸುಂಕ ಎಷ್ಟಿರಬೇಕೆಂಬ ಬಗ್ಗೆ ವಿಧಾನಸಭೆಯ ಸದಸ್ಯನು ಭಾಷಣ ಮಾಡಬಹುದೇ ಹೊರತು ಮತ ಕೊಡಲಾರನು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ ಕಾನೂನು ಬಂದಾಗ ಅವನ ಮತಕ್ಕೆ ಬೆಲೆಯುಂಟು. ಹೊರದೇಶದ ವ್ಯಾಪಾರಕ್ಕೆ ನೋಡಬೇಕಾದದ್ದು ಸಂಸತ್ ಸದಸ್ಯನನ್ನು. ಇಲ್ಲೊಂದು ವಿಶೇಷವುಂಟು. 2008ರ ಕ್ಷೇತ್ರ ಪುನರ್ವಿಂಗಡಣೆಯಂತೆ ಹೆಗ್ಗಡದೇವನಕೋಟೆಯು ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೂ, ಹುಣಸೂರು ಪಿರಿಯಾಪಟ್ಟಣಗಳು ಮೈಸೂರು ಕ್ಷೇತ್ರಕ್ಕೂ, ಕೃಷ್ಣರಾಜನಗರವು ಮಂಡ್ಯ ಕ್ಷೇತ್ರಕ್ಕೂ ಸೇರಿವೆ. ಒಂದೇ ಬಗೆಯ ಬೇಸಾಯವನ್ನು ಮಾಡುವ ನೆರೆಹೊರೆಯ ರೈತರಿಗೆ ದೆಹಲಿಯಲ್ಲಿ ಮೂವರು ಪ್ರತಿನಿಧಿಗಳು. ಮೂವರಲ್ಲಿ ಯಾರು ಹೇಗೆ ನಡೆದುಕೊಂಡರು ಎಂದು ಹೋಲಿಸಿ ನೋಡುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಅಳತೆಯ ಸರಳವಾದ ಕ್ರಮ ಹೀಗಿದೆ. ಮೊದಲು, ವ್ಯಾಪಾರಕ್ಕೆ ಸಂಬಂಧಿಸಿದ ಮತಗಳನ್ನು ಆರಿಸಿಕೊಳ್ಳಬೇಕು. ಪ್ರತಿಯೊಂದರಲ್ಲಿಯೂ ಯಾವ ಉತ್ತರ ಮುಕ್ತ ವ್ಯಾಪಾರದ ಪರ, ಯಾವುದು ವಿರುದ್ಧ ಎಂದು ಗುರುತಿಸಬೇಕು. ಸದಸ್ಯನು ಪರವಾಗಿ ಕೊಟ್ಟ ಮತಗಳ ಸಂಖ್ಯೆಯನ್ನು ಅವನು ಕೊಟ್ಟ ಒಟ್ಟು ಮತಗಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ದೊರೆಯುತ್ತದೆ. ಇದು ಏಳನೆಯ ತರಗತಿಯ ಗಣಿತವೇ. ತೊಡಕಿರುವುದು ಗಣಿತದಲ್ಲಲ್ಲ, ಗಣಿತಕ್ಕೆ ಮುಂಚೆ.

ಅ, ಆ, ಇ ಎಂಬ ಮೂವರು ಕಲ್ಪಿತ ಸದಸ್ಯರನ್ನು ಭಾವಿಸಿಕೊಳ್ಳಬಹುದು. ಸಭೆಯಲ್ಲಿ ವ್ಯಾಪಾರದ ಮೇಲೆ ಹತ್ತು ಬಾರಿ ಮತ ನಡೆಯಿತೆಂದು ಇಟ್ಟುಕೊಳ್ಳೋಣ. ಅ ಎಂಬವನು ಹತ್ತರಲ್ಲಿಯೂ ಭಾಗವಹಿಸಿ ಏಳು ಸಲ ಪರವಾಗಿ ಮತ ಕೊಟ್ಟನು. ಅವನ ಅಂಕ 70. ಆ ಎಂಬವನು ನಾಲ್ಕು ಬಾರಿ ಮಾತ್ರ ಮತ ಕೊಟ್ಟನು, ನಾಲ್ಕೂ ಪರವಾಗಿಯೇ. ಉಳಿದ ಆರು ಬಾರಿ ಅವನು ಸಭೆಯಲ್ಲಿರಲಿಲ್ಲ. ಕೊಟ್ಟ ಮತಗಳಿಂದ ಭಾಗಿಸಿದರೆ ಅವನ ಅಂಕ 100; ನಡೆದ ಮತಗಳಿಂದ ಭಾಗಿಸಿದರೆ 40. ಒಂದು ಲೆಕ್ಕದಲ್ಲಿ ಅವನು ಮುಕ್ತ ವ್ಯಾಪಾರದ ಪರಮಭಕ್ತ, ಇನ್ನೊಂದು ಲೆಕ್ಕದಲ್ಲಿ ಅದರ ಅರೆಮನಸ್ಸಿನ ಗೆಳೆಯ. ಮನುಷ್ಯನು ಒಬ್ಬನೇ, ಬದಲಾದದ್ದು ಭಾಜಕ ಮಾತ್ರ.

ಇ ಎಂಬವನ ಸಂಗತಿ ಇನ್ನೂ ಕುತೂಹಲಕರವಾದುದು. ಅವನು ಹತ್ತು ಬಾರಿಯೂ ಮತ ಕೊಟ್ಟನು. ಐದು ಪರ, ಐದು ವಿರುದ್ಧ. ಅಂಕ 50. ಈ ಅಂಕವನ್ನು ಕಂಡವರು ಅವನಿಗೆ ಸ್ಪಷ್ಟವಾದ ಅಭಿಪ್ರಾಯವಿಲ್ಲ, ನಡುವೆ ತೂಗಾಡುವವನು ಎಂದು ಹೇಳಿಯಾರು. ಆದರೆ ಆ ಮತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಪರವಾಗಿ ಕೊಟ್ಟ ಐದೂ ತನ್ನ ಕ್ಷೇತ್ರದ ತಂಬಾಕಿಗೆ ಹೊರಗಿನ ಮಾರುಕಟ್ಟೆಯನ್ನು ತೆರೆಯುವಂಥವು, ವಿರುದ್ಧವಾಗಿ ಕೊಟ್ಟ ಐದೂ ತನ್ನ ಕ್ಷೇತ್ರದ ರೇಷ್ಮೆಗೆ ಪೈಪೋಟಿ ತರುವ ಆಮದನ್ನು ತಡೆಯುವಂಥವು ಎಂದು ತಿಳಿದುಬಂದರೆ? ಅವನು ತೂಗಾಡಿದ್ದೇ ಇಲ್ಲ. ಹತ್ತು ಬಾರಿಯೂ ಒಂದೇ ನಿಯಮವನ್ನು ಅನುಸರಿಸಿದ್ದಾನೆ: ತನ್ನ ಸೀಮೆಯ ಬೆಳೆಗಾರನಿಗೆ ಯಾವುದು ಲಾಭವೋ ಅದು. ಆ ನಿಯಮ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. 50 ಎಂಬ ಅಂಕಿಯು ಅದನ್ನು ಪೂರ್ತಿಯಾಗಿ ಮರೆಮಾಚಿತು ಎಂಬುದು ಮಾತ್ರ ನಿಜ.

ಇಂಥ ದೋಷವನ್ನು ಕಡಿಮೆಮಾಡಲು ಒಂದು ಅಳತೆಗೋಲಿನ ಬದಲು ಎರಡನ್ನು ಬಳಸಿದವರುಂಟು. ಅಮೆರಿಕದ ವಾಷಿಂಗ್‌ಟನ್ ನಗರದ ಕೇಟೋ ಸಂಸ್ಥೆಯು ಅಲ್ಲಿನ ಕಾಂಗ್ರೆಸ್ ಸದಸ್ಯರ ಮತಗಳನ್ನು ಹೀಗೆ ಅಳೆದಿದೆ. ಆಮದಿನ ಮೇಲಣ ತಡೆಗಳ ಬಗ್ಗೆ ಸದಸ್ಯನ ನಿಲುವು ಒಂದು ಅಳತೆ. ಸರ್ಕಾರ ಉತ್ಪಾದಕರಿಗೆ ಕೊಡುವ ಸಹಾಯಧನದ ಬಗ್ಗೆ ಅವನ ನಿಲುವು ಇನ್ನೊಂದು. ತಡೆಯನ್ನೂ ಸಹಾಯಧನವನ್ನೂ ವಿರೋಧಿಸುವವರು, ಎರಡನ್ನೂ ಬೆಂಬಲಿಸುವವರು, ತಡೆ ಬೇಡ ಆದರೆ ಸಹಾಯಧನ ಬೇಕೆನ್ನುವವರು, ತಡೆ ಬೇಕು ಸಹಾಯಧನ ಬೇಡವೆನ್ನುವವರು ಎಂದು ನಾಲ್ಕು ಪಂಗಡಗಳು ಇದರಿಂದ ಏರ್ಪಡುತ್ತವೆ. ಒಂದೇ ಗೆರೆಯ ಮೇಲೆ ಒತ್ತೊತ್ತಾಗಿ ನಿಂತಿದ್ದವರು ಬಯಲಿನಲ್ಲಿ ಚದರಿ ನಿಂತಂತೆ ಬೇರೆ ಬೇರೆಯಾಗಿ ಕಾಣುತ್ತಾರೆ. ಆದರೆ ಒಂದು ಮಾತನ್ನು ಮರೆಯಲಾಗದು. ಕೇಟೋ ಸಂಸ್ಥೆಯು ತಾನೇ ಮುಕ್ತ ವ್ಯಾಪಾರದ ಪ್ರತಿಪಾದಕ. ಯಾವ ಮತವನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವವನು ಅಳೆಯುವವನೇ. ಕೊಳಗ ಹಿಡಿದವನು ಯಾರೆಂಬುದನ್ನು ತಿಳಿಯದೆ ಕಣದ ರಾಶಿಯ ಲೆಕ್ಕವನ್ನು ಒಪ್ಪಿಕೊಳ್ಳುವ ಪದ್ಧತಿ ಹಳ್ಳಿಯಲ್ಲಿ ಇರಲಿಲ್ಲ. ಇಲ್ಲಿಯೂ ಅದು ಸಲ್ಲದು.

ಮತಗಳ ಆಯ್ಕೆ ಎಷ್ಟು ಸೂಕ್ಷ್ಮವೆಂಬುದಕ್ಕೆ ತಂಬಾಕೇ ಉದಾಹರಣೆ. ತಂಬಾಕಿನ ಸೇವನೆ ಆರೋಗ್ಯಕ್ಕೆ ಮಾರಕ. ಆದುದರಿಂದ ಭಾರತವು 2003ರಲ್ಲಿ ಸಿಗರೇಟು ಮತ್ತಿತರ ತಂಬಾಕು ಪದಾರ್ಥಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿತು. ಇಂಥ ಕಾಯಿದೆಗೆ ಹೌದೆಂದ ಸದಸ್ಯನನ್ನು ವ್ಯಾಪಾರದ ವಿರೋಧಿಯೆಂದು ಎಣಿಸಬೇಕೆ? ವ್ಯಾಪಾರಕ್ಕೆ ಅದರಿಂದ ತಡೆಯಾಗುವುದು ನಿಜ. ಆದರೆ ಅವನ ಉದ್ದೇಶ ಜನರ ಆರೋಗ್ಯ. ಮತವೆಂಬುದು ಹೌದು ಅಥವಾ ಇಲ್ಲ ಎಂಬ ಒಂದು ಅಕ್ಷರದ ಸಂಗತಿ. ಅದರ ಹಿಂದಿನ ಕಾರಣ ಹಲವು.

ಅಳತೆ ಸಾಧ್ಯವಾಗಬೇಕಾದರೆ ಯಾರು ಹೇಗೆ ಮತ ಕೊಟ್ಟರೆಂಬುದು ಹೆಸರುಸಹಿತ ಬರೆದಿರಬೇಕು. ಇಂಗ್ಲೆಂಡಿನ ಕಾಮನ್ಸ್ ಸಭೆಯು 1836ರಿಂದ ತನ್ನ ಮತವಿಭಜನೆಗಳ ಹೆಸರುಪಟ್ಟಿಯನ್ನು ಅಧಿಕೃತವಾಗಿ ಪ್ರಕಟಿಸತೊಡಗಿತು. ಹತ್ತು ವರ್ಷಗಳ ಮೇಲೆ, 1846ರಲ್ಲಿ, ಆ ದೇಶದ ಧಾನ್ಯ ಕಾನೂನುಗಳ ಪ್ರಶ್ನೆ ಬಂದಿತು. ಹೊರದೇಶದ ಗೋಧಿಯ ಮೇಲೆ ಸುಂಕ ವಿಧಿಸಿ ಭೂಮಾಲೀಕರನ್ನು ಕಾಪಾಡುತ್ತಿದ್ದ ಕಾನೂನುಗಳವು. ಅವನ್ನು ರದ್ದುಮಾಡಲು ಪ್ರಧಾನಮಂತ್ರಿ ರಾಬರ್ಟ್ ಪೀಲ್ ಮುಂದಾದನು. ಕಾಮನ್ಸ್ ಸಭೆಯಲ್ಲಿ ವಿಧೇಯಕದ ಪರವಾಗಿ 327, ವಿರುದ್ಧವಾಗಿ 229 ಮತಗಳು ಬಿದ್ದವು. ಆದರೆ ಪೀಲನ ಸ್ವಂತ ಪಕ್ಷದವರಲ್ಲಿ ಹೆಚ್ಚಿನವರು ಅವನ ವಿರುದ್ಧ ಮತ ಕೊಟ್ಟಿದ್ದರು; ವಿಧೇಯಕವನ್ನು ದಡ ಸೇರಿಸಿದವರು ವಿರೋಧಪಕ್ಷದವರು. ಕೆಲವೇ ವಾರಗಳಲ್ಲಿ ಪೀಲನು ಅಧಿಕಾರವನ್ನು ಬಿಟ್ಟುಕೊಡಬೇಕಾಯಿತು. ಹೆಸರುಪಟ್ಟಿ ಇಲ್ಲದಿದ್ದರೆ ಯಾವ ಕ್ಷೇತ್ರದವನು ಯಾವ ಕಡೆಗೆ ನಿಂತನೆಂಬುದು ಇಂದಿಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅಮೆರಿಕದಲ್ಲಿಯೂ ಇಂಥದೇ ಒಂದು ಸಂದರ್ಭ 1993ರಲ್ಲಿ ಒದಗಿತು. ಕೆನಡಾ ಮತ್ತು ಮೆಕ್ಸಿಕೋ ದೇಶಗಳೊಡನೆ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಅಲ್ಲಿನ ಪ್ರತಿನಿಧಿಗಳ ಸಭೆಯು ನವೆಂಬರ್ 17ರಂದು 234ಕ್ಕೆ 200 ಮತಗಳಿಂದ ಒಪ್ಪಿಗೆ ಕೊಟ್ಟಿತು. ಅಧ್ಯಕ್ಷ ಕ್ಲಿಂಟನ್ ಡೆಮಾಕ್ರಟಿಕ್ ಪಕ್ಷದವರು. ಆದರೆ ಆ ಪಕ್ಷದ ಸದಸ್ಯರಲ್ಲಿ ಪರವಾಗಿ ನಿಂತವರು 102 ಮಂದಿ, ವಿರುದ್ಧ ನಿಂತವರು 156 ಮಂದಿ. ಕಾರ್ಖಾನೆಗಳು ಮುಚ್ಚಿಯಾವೆಂಬ ಭಯವಿದ್ದ ಊರುಗಳ ಪ್ರತಿನಿಧಿಗಳು ತಮ್ಮ ಅಧ್ಯಕ್ಷನ ಮಾತನ್ನು ಮೀರಿ ಮತ ಕೊಟ್ಟರು. ಆ ಒಪ್ಪಂದದ ಸ್ಥಾನವನ್ನು 2020ರಲ್ಲಿ ಹೊಸದೊಂದು ಒಪ್ಪಂದವು ತೆಗೆದುಕೊಂಡಿತು. ಈ ಎರಡು ನಿದರ್ಶನಗಳಲ್ಲಿಯೂ ಸದಸ್ಯನ ಮತ ಅವನದೇ ಆಗಿದ್ದಿತು. ಆದುದರಿಂದಲೇ ಅದನ್ನು ಅಳೆಯುವುದರಲ್ಲಿ ಅರ್ಥವಿದೆ.

ಭಾರತದಲ್ಲಿ ಈ ಅಳತೆಗೋಲನ್ನು ಹಾಗೆಯೇ ಇಟ್ಟು ನೋಡಲು ಬರುತ್ತದೆಯೆ? ಇಲ್ಲಿ ಮೂರು ಅಡಚಣೆಗಳಿವೆ. ಮೊದಲನೆಯದು, ಮತಗಳ ಬಹುಪಾಲು ಹೆಸರಿಲ್ಲದೆ ನಡೆಯುತ್ತವೆ. ಸಭಾಧ್ಯಕ್ಷರು ಪ್ರಶ್ನೆಯನ್ನು ಮುಂದಿಟ್ಟಾಗ ಒಪ್ಪುವವರು ಹೌದೆಂದೂ ಒಪ್ಪದವರು ಇಲ್ಲವೆಂದೂ ಕೂಗುತ್ತಾರೆ. ಯಾವ ಕಡೆಯ ಧ್ವನಿ ಹೆಚ್ಚೆಂದು ತೋರುವುದೋ ಅದು ಗೆದ್ದಂತೆ. ಇದು ಧ್ವನಿಮತ. ಯಾರಾದರೂ ಇದನ್ನು ಪ್ರಶ್ನಿಸಿದರೆ ಮತವಿಭಜನೆ ನಡೆದು, ಪ್ರತಿಯೊಬ್ಬ ಸದಸ್ಯನ ಮತವೂ ಹೌದು, ಇಲ್ಲ, ತಟಸ್ಥ ಎಂದು ದಾಖಲಾಗುತ್ತದೆ. ಧ್ವನಿಗೆ ಹೆಸರಿಲ್ಲ, ಗುಂಡಿ ಒತ್ತಿದ ಬೆರಳಿಗೆ ಹೆಸರುಂಟು. 2020ರ ಸೆಪ್ಟೆಂಬರ್ 20ರಂದು ಕೃಷಿ ವ್ಯಾಪಾರದ ಎರಡು ವಿಧೇಯಕಗಳು ರಾಜ್ಯಸಭೆಯ ಮುಂದೆ ಬಂದಾಗ, ವಿರೋಧಪಕ್ಷಗಳ ಸದಸ್ಯರು ಮತವಿಭಜನೆಯನ್ನು ಕೇಳಿದರೂ ಗದ್ದಲದ ನಡುವೆ ಅವು ಧ್ವನಿಮತದಿಂದಲೇ ಅಂಗೀಕೃತವಾದವು. ಮರುವರ್ಷ ನವೆಂಬರಿನಲ್ಲಿ ಆ ಕಾಯಿದೆಗಳನ್ನು ಹಿಂತೆಗೆದುಕೊಂಡಾಗಲೂ ಧ್ವನಿಮತವೇ ಸಾಕಾಯಿತು. ದೇಶದ ರೈತರನ್ನು ವರ್ಷಕಾಲ ಕಲಕಿದ ಪ್ರಶ್ನೆಯ ಮೇಲೆ ಯಾವ ಸದಸ್ಯನ ಹೆಸರಿನ ಮುಂದೆಯೂ ಹೌದು ಇಲ್ಲಗಳ ಗುರುತು ಬೀಳಲಿಲ್ಲ.

ಎರಡನೆಯ ಅಡಚಣೆ, ವ್ಯಾಪಾರದ ಎಷ್ಟೋ ನಿರ್ಧಾರಗಳು ಪ್ರತ್ಯೇಕವಾಗಿ ಮತಕ್ಕೆ ಬರುವುದೇ ಇಲ್ಲ. ಅನ್ಯದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಸರ್ಕಾರದ ಅಧಿಕಾರ. ಅದಕ್ಕೆ ಸಂಸತ್ತಿನ ಮುನ್ನೊಪ್ಪಿಗೆ ಕಡ್ಡಾಯವಲ್ಲ. ಆಗ್ನೇಯ ಏಷ್ಯಾದ ಹತ್ತು ದೇಶಗಳ ಆಸಿಯಾನ್ ಕೂಟದೊಡನೆ 2009ರ ಆಗಸ್ಟಿನಲ್ಲಿ ಸಹಿಯಾದ ಒಪ್ಪಂದವು ಮೆಣಸು, ಕಾಫಿ ಬೆಳೆಗಾರರಲ್ಲಿ ಕಳವಳವನ್ನು ಉಂಟುಮಾಡಿತು. ಹಾಗಿದ್ದರೂ ಕೊಡಗಿನ ಅಥವಾ ಚಿಕ್ಕಮಗಳೂರಿನ ಪ್ರತಿನಿಧಿಯು ಅದರ ಮೇಲೆ ಮತ ಕೊಡುವ ಸಂದರ್ಭ ಬರಲಿಲ್ಲ. ಹೈನುಗಾರರ ಭಯಕ್ಕೆ ಕಾರಣವಾಗಿದ್ದ ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವದ ಮಾತುಕತೆಯಿಂದ 2019ರ ನವೆಂಬರ್ 4ರಂದು ಭಾರತ ಹೊರಗುಳಿದದ್ದೂ ಸರ್ಕಾರದ ನಿರ್ಧಾರವೇ. ಕಚ್ಚಾರೇಷ್ಮೆಯ ಸುಂಕವನ್ನು 2011ರ ಮುಂಗಡಪತ್ರದಲ್ಲಿ ಶೇಕಡ 30ರಿಂದ 5ಕ್ಕೆ ಇಳಿಸಿ, 2013ರಲ್ಲಿ 15ಕ್ಕೆ ಏರಿಸಲಾಯಿತು. ಸುಂಕದ ಇಂಥ ಬದಲಾವಣೆಗಳನ್ನು ಸರ್ಕಾರವು ಅಧಿಸೂಚನೆಯ ಮೂಲಕವೂ ಮಾಡಬಹುದು. ವಿಧೇಯಕದಲ್ಲಿ ಬಂದರೂ ಅವು ನೂರಾರು ಇತರ ವಿಷಯಗಳೊಡನೆ ಸೇರಿ ಬರುತ್ತವೆ. ಆ ವರ್ಷದ ಹಣಕಾಸು ವಿಧೇಯಕಕ್ಕೆ ಹೌದೆಂದ ಸದಸ್ಯನು ರೇಷ್ಮೆ ಬೆಳೆಗಾರನ ವಿರುದ್ಧ ಮತ ಕೊಟ್ಟನೆಂದು ಹೇಳಿದರೆ ನ್ಯಾಯವಾಗದು. ಹಣಕಾಸು ವಿಧೇಯಕ ಬಿದ್ದರೆ ಸರ್ಕಾರವೇ ಬೀಳುತ್ತದೆ.

ಮೂರನೆಯ ಅಡಚಣೆ ಎಲ್ಲಕ್ಕಿಂತ ದೊಡ್ಡದು. 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿ ಸೇರಿತು. ಹಣಕ್ಕೂ ಪದವಿಗೂ ಆಸೆಪಟ್ಟು ಪಕ್ಷ ಬದಲಿಸುವ ಚಾಳಿಯನ್ನು ತಡೆಯುವುದು ಅದರ ಉದ್ದೇಶ. ಅದರಂತೆ ಪಕ್ಷದ ಆಜ್ಞೆಗೆ, ಎಂದರೆ ವಿಪ್‌ಗೆ, ವಿರುದ್ಧವಾಗಿ ಮತ ಕೊಟ್ಟ ಅಥವಾ ಮತ ಕೊಡದೆ ಉಳಿದ ಸದಸ್ಯನು, ಪಕ್ಷವು ಹದಿನೈದು ದಿನಗಳೊಳಗೆ ಅದನ್ನು ಮನ್ನಿಸದಿದ್ದರೆ, ತನ್ನ ಸ್ಥಾನವನ್ನು ಕಳೆದುಕೊಳ್ಳಬಹುದು. ಪೀಲನ ಕಾಲದ ಸದಸ್ಯನಿಗೆ ಇಂಥ ಭಯವಿರಲಿಲ್ಲ. ವಿಪ್ ಹೊರಟಿರುವಾಗ ಭಾರತದ ಸದಸ್ಯನ ಮತವನ್ನು ಅಳೆದರೆ ದೊರೆಯುವುದು ಪಕ್ಷದ ಅಳತೆ, ವ್ಯಕ್ತಿಯ ಅಳತೆಯಲ್ಲ. ಪಕ್ಷೇತರ ಸದಸ್ಯನಿಗೆ ಮಾತ್ರ ಈ ಕಟ್ಟಿಲ್ಲ. 2019ರ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರವು ಪಕ್ಷೇತರ ಅಭ್ಯರ್ಥಿಯನ್ನು ಆರಿಸಿತ್ತು. ಆಗ ಕೃಷ್ಣರಾಜನಗರದ ಮತದಾರನು ತನ್ನ ಪ್ರತಿನಿಧಿಯ ಮತವನ್ನು ಓದಬಹುದಾಗಿದ್ದ ಬಗೆಯೇ ಬೇರೆ, ಪಿರಿಯಾಪಟ್ಟಣದ ಮತದಾರನು ಓದಬಹುದಾಗಿದ್ದ ಬಗೆಯೇ ಬೇರೆ.

ಈ ಅಡಚಣೆಗಳ ನಡುವೆಯೂ ಹೆಸರುಸಹಿತ ಮತ ನಡೆದ ಅಪರೂಪದ ಸಂದರ್ಭಗಳುಂಟು. ಅನೇಕ ಬಗೆಯ ಸರಕುಗಳನ್ನು ಮಾರುವ ಚಿಲ್ಲರೆ ಅಂಗಡಿಗಳಲ್ಲಿ ಶೇಕಡ 51ರವರೆಗೆ ವಿದೇಶಿ ಬಂಡವಾಳಕ್ಕೆ ಅವಕಾಶ ಕೊಡಲು 2012ರಲ್ಲಿ ಸರ್ಕಾರ ನಿರ್ಧರಿಸಿತು. ಇದು ಸರಕಿನ ಆಮದಲ್ಲ, ಬಂಡವಾಳದ ಪ್ರವೇಶ. ಆದರೂ ಮುಕ್ತ ವ್ಯಾಪಾರದ ನೆರೆಮನೆಯ ಪ್ರಶ್ನೆ. ನಿರ್ಧಾರವನ್ನು ಹಿಂತೆಗೆದುಕೊಳ್ಳಬೇಕೆಂಬ ಸೂಚನೆಯು ಡಿಸೆಂಬರ್ 5ರಂದು ಲೋಕಸಭೆಯಲ್ಲಿ ಮತಕ್ಕೆ ಬಂದಿತು. ಪರ 218, ವಿರುದ್ಧ 253, ಸೂಚನೆ ಬಿದ್ದುಹೋಯಿತು. ಚರ್ಚೆಯಲ್ಲಿ ವಿದೇಶಿ ಬಂಡವಾಳವನ್ನು ಟೀಕಿಸಿದ್ದ ಸಮಾಜವಾದಿ ಪಕ್ಷ ಮತ್ತು ಬಹುಜನ ಸಮಾಜ ಪಕ್ಷಗಳು ಮತದ ಹೊತ್ತಿಗೆ ಸಭಾತ್ಯಾಗ ಮಾಡಿದ್ದವು. ಎರಡಕ್ಕೂ ಸೇರಿ ನಲವತ್ತಕ್ಕಿಂತ ಹೆಚ್ಚು ಸದಸ್ಯರಿದ್ದರು. 218ಕ್ಕೆ 40ನ್ನು ಕೂಡಿಸಿದರೆ 258. ಅದು 253ಕ್ಕಿಂತ ಹೆಚ್ಚು. ಹೊರಗೆ ನಡೆದವರು ಒಳಗೆ ಉಳಿದು ತಮ್ಮ ಮಾತಿನಂತೆಯೇ ಮತ ಕೊಟ್ಟಿದ್ದರೆ ಫಲಿತಾಂಶ ತಿರುಗುತ್ತಿದ್ದಿತು. ಎರಡು ದಿನಗಳ ಮೇಲೆ ರಾಜ್ಯಸಭೆಯಲ್ಲಿ ಅದೇ ಪ್ರಶ್ನೆ ಬಂದಾಗ ಬಹುಜನ ಸಮಾಜ ಪಕ್ಷವು ಸರ್ಕಾರದ ಪರವಾಗಿಯೇ ಮತ ಕೊಟ್ಟಿತು; ಸೂಚನೆಯು 109ಕ್ಕೆ 123 ಮತಗಳಿಂದ ಸೋತಿತು.

ಹಾಗಾದರೆ ಡಿಸೆಂಬರ್ 5ರಂದು ಎದ್ದು ಹೊರಗೆ ನಡೆದ ಸದಸ್ಯನಿಗೆ ಎಷ್ಟು ಅಂಕ ಕೊಡಬೇಕು? ಗೈರುಹಾಜರೆಂದು ಲೆಕ್ಕದಿಂದ ಬಿಟ್ಟರೆ, ಅಂದಿನ ಫಲಿತಾಂಶವನ್ನು ನಿರ್ಧರಿಸಿದವನೇ ಲೆಕ್ಕಕ್ಕೆ ಸಿಕ್ಕದೆ ಹೋಗುತ್ತಾನೆ. ಸರ್ಕಾರದ ಪರವೆಂದು ಹಿಡಿದರೆ, ಅವನು ಆಡಿದ ಮಾತು ಅದನ್ನು ಅಲ್ಲಗಳೆಯುತ್ತದೆ. ಜ್ವರದಿಂದ ಮಲಗಿದ್ದ ಸದಸ್ಯನೂ ಅಂದು ಸಭೆಯಲ್ಲಿರಲಿಲ್ಲ, ಬೇಕೆಂದೇ ಎದ್ದುಹೋದವನೂ ಇರಲಿಲ್ಲ. ಪಟ್ಟಿಯಲ್ಲಿ ಇಬ್ಬರ ಎದುರಿಗೂ ಇರುವುದು ಬರಿಯ ಖಾಲಿ ಜಾಗ. ಈ ಖಾಲಿ ಜಾಗವನ್ನು ಓದಲು ಅಂದಿನ ಕಲಾಪದ ವರದಿಯನ್ನು ತೆರೆದು ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ಇಷ್ಟೆಲ್ಲ ತೊಡಕುಗಳಿರುವುದರಿಂದ ಅಳೆಯುವುದೇ ವ್ಯರ್ಥವೆಂದು ತಿಳಿಯಬಾರದು. ಅಳತೆಯನ್ನು ಬಿಟ್ಟರೆ ಉಳಿಯುವುದು ಊಹೆ ಮತ್ತು ವದಂತಿ. ಒಳ್ಳೆಯ ಅಳತೆಯು ತಾನು ಯಾವ ಮತಗಳನ್ನು ಆರಿಸಿಕೊಂಡಿತೆಂಬುದನ್ನೂ ಏಕೆ ಆರಿಸಿಕೊಂಡಿತೆಂಬುದನ್ನೂ ಮುಚ್ಚಿಡದೆ ಹೇಳುತ್ತದೆ. ಗೈರುಹಾಜರಿಯನ್ನು ಬೇರೆಯಾಗಿ ತೋರಿಸುತ್ತದೆ. ವಿಪ್ ಇದ್ದಿತೆ ಎಂಬುದನ್ನು ಗುರುತಿಸುತ್ತದೆ. ರಫ್ತಿನ ಮತ, ಆಮದಿನ ಮತ, ಸಹಾಯಧನದ ಮತಗಳನ್ನು ಒಂದೇ ಚೀಲಕ್ಕೆ ತುಂಬುವುದಿಲ್ಲ. ಮತದ ಲೆಕ್ಕ ಸಾಲದ ಕಡೆ ಬೇರೆ ದಾಖಲೆಗಳಿವೆ. ಸದಸ್ಯನು ಕೇಳಿದ ಪ್ರಶ್ನೆಗಳು, ಮಂಡಿಸಿದ ತಿದ್ದುಪಡಿಗಳು, ಮಾಡಿದ ಭಾಷಣಗಳು ಸಂಸತ್ತಿನ ನಡಾವಳಿಗಳಲ್ಲಿ ಅಚ್ಚಾಗುತ್ತವೆ. ವಿಪ್ ಇವನ್ನು ಅಷ್ಟಾಗಿ ಕಟ್ಟಿಹಾಕಲಾರದು. ರೇಷ್ಮೆಯ ಸುಂಕ ಇಳಿದ ವರ್ಷ ತನ್ನ ಪ್ರತಿನಿಧಿಯು ಅದರ ಬಗ್ಗೆ ಒಂದಾದರೂ ಪ್ರಶ್ನೆ ಕೇಳಿದನೇ ಎಂದು ಹುಡುಕಿ ನೋಡುವ ರೈತನಿಗೆ, ಹಣಕಾಸು ವಿಧೇಯಕದ ಮೇಲಿನ ಮತ ಹೇಳದಿದ್ದ ಸಂಗತಿ ಅಲ್ಲಿ ತಿಳಿದೀತು.

ತಂಬಾಕಿನ ಹರಾಜು ಕಟ್ಟೆಯಲ್ಲಿ ರೈತನು ತಂದ ಬೇಲನ್ನು ಮೊದಲು ತೂಗುತ್ತಾರೆ. ತೂಕವಾದೊಡನೆ ಬೆಲೆ ಗೊತ್ತಾಗುವುದಿಲ್ಲ. ಎಲೆಯ ಬಣ್ಣ, ಹದ, ದರ್ಜೆಗಳನ್ನು ನೋಡಬೇಕು. ಹಾಗೆಂದು ತೂಗದೆ ಬಿಡುವುದೂ ಇಲ್ಲ. ತಕ್ಕಡಿಯ ಮುಳ್ಳನ್ನು ಕಣ್ಣಿಟ್ಟು ನೋಡುವ ರೈತನು ದರ್ಜೆ ಬರೆಯುವವನ ಕೈಯನ್ನೂ ಅಷ್ಟೇ ಎಚ್ಚರದಿಂದ ನೋಡುತ್ತಾನೆ. ತನ್ನ ಒಂದು ವರ್ಷದ ದುಡಿಮೆ ಅದರಲ್ಲಿದೆ ಎಂಬುದು ಅವನಿಗೆ ಗೊತ್ತು. ಪ್ರತಿನಿಧಿಯನ್ನು ಆರಿಸಿದ ಮತದಾರನು ಅವನ ಕೈಗೆ ಒಪ್ಪಿಸುವುದು ಐದು ವರ್ಷಗಳ ಕಾಲವನ್ನು. ಅದರ ಲೆಕ್ಕವನ್ನು ಕೇಳುವುದು ಅವನ ಹಕ್ಕು. ಲೆಕ್ಕ ಬಂದಾಗ ಮಟ್ಟದ ಗೆರೆಯೊಡನೆ ತಳದ ಹೂಳನ್ನೂ ನೋಡಿ ಓದುವುದು ಅವನ ಕರ್ತವ್ಯ.